ಕದ್ದ ಟ್ರ್ಯಾಕ್ ತೆಗೆಸಲು ಗೂಗಲ್‌ನ ದೂರಿನ ಫಾರ್ಮ್: ಬಳಸಿದವನ ಅಭಿಪ್ರಾಯ

ಕಿರುಚಿತ್ರ ಮಾಡುವವರಿಗೆ ಹಿನ್ನೆಲೆ ಸಂಗೀತ ಮಾಡಿಕೊಡುವುದು ನನ್ನ ಕೆಲಸ. ಹೆಚ್ಚಾಗಿ ಗಿಟಾರ್, ಜೊತೆಗೆ ಸ್ವಲ್ಪ ಕೀಬೋರ್ಡ್. ಎಂಪಿ3 ಫೈಲುಗಳನ್ನು ನನ್ನದೇ ಸೈಟಿನಲ್ಲಿ ಇಟ್ಟಿದ್ದೇನೆ. ಕೇಳಿ ಇಷ್ಟವಾದವರು ದುಡ್ಡು ಕೊಟ್ಟು ಲೈಸೆನ್ಸ್ ಪಡೆಯುತ್ತಾರೆ. ಈಚೆಗೆ ಅವೇ ಟ್ರ್ಯಾಕ್‌ಗಳು ಬೇರೊಂದು ಸೈಟಿನಲ್ಲಿ ‘ಫ್ರೀ ಮ್ಯೂಸಿಕ್’ ಅಂತ ಕಾಣಿಸಿಕೊಂಡವು. ಶೀರ್ಷಿಕೆ ಬದಲಾಗಿದೆ, ಸಂಗೀತ ಮಾಡಿದವರ ಜಾಗದಲ್ಲಿ ಯಾರದೋ ಹೆಸರು. ಡೌನ್‌ಲೋಡ್ ಮಾಡಿ ನೋಡಿದರೆ ಫೈಲಿನೊಳಗೆ ಹಾಡಿನ ವಿವರ ಬರೆದಿಡುವ ಐಡಿ3 ಟ್ಯಾಗ್‌ನಲ್ಲಿ ಮಾತ್ರ ನನ್ನ ಹೆಸರು ಹಾಗೇ ಇದೆ! ಒಂದು ಟ್ರ್ಯಾಕಿನ ಕೊನೆಯಲ್ಲಿ ನನ್ನ ಕುರ್ಚಿ ಕಿರ್ ಅನ್ನುವುದೂ ಹಾಗೇ ಇದೆ. ಕದಿಯುವುದಕ್ಕೂ ಇಷ್ಟು ಸೋಮಾರಿತನವಾ?

ಅವರು ಫೈಲನ್ನು ನಿಜಕ್ಕೂ ಕಾಪಿ ಮಾಡಿದ್ದಾರಾ, ಇಲ್ಲ ನಮ್ಮ ಸರ್ವರಿನ ಲಿಂಕನ್ನೇ ಅಲ್ಲಿ ಹಾಕಿಕೊಂಡಿದ್ದಾರಾ ಅಂತ ಮೊದಲು ನೋಡಿಕೊಳ್ಳಿ. ಬರೀ ಲಿಂಕ್ ಆದರೆ ಅದಕ್ಕೆ ಹಾಟ್‌ಲಿಂಕಿಂಗ್ ಅನ್ನುತ್ತಾರೆ. ಸರ್ವರ್ ಸೆಟ್ಟಿಂಗ್‌ನಲ್ಲಿ ಹಾಟ್‌ಲಿಂಕ್ ತಡೆ ಹಾಕಿದರೆ ಸಾಮಾನ್ಯವಾಗಿ ಅಲ್ಲಿಗೆ ಮುಗಿಯಿತು. ನನ್ನ ವಿಷಯದಲ್ಲಿ ಪೂರ್ತಿ ಕಾಪಿಯೇ ಆಗಿತ್ತು.

ಈಗ, ಕದ್ದ ಪುಟಗಳನ್ನು ಹುಡುಕಾಟದಿಂದ ತೆಗೆಸುವ ಗೂಗಲ್‌ನ ಕಾಪಿರೈಟ್ ದೂರಿನ ಫಾರ್ಮ್ ಬಗ್ಗೆ. ಅದಕ್ಕೆ ದುಡ್ಡು ಬೇಡ, ವಕೀಲರೂ ಬೇಡ. ಕೃತಿ ಯಾವುದು, ಮೂಲ ಎಲ್ಲಿದೆ, ಕದ್ದದ್ದು ಎಲ್ಲಿದೆ ಅಂತ ಕೇಳುತ್ತದೆ. ಆ ಸೈಟಿನ ಮುಖಪುಟದ ವಿಳಾಸ ಕೊಟ್ಟರೆ ಪ್ರಯೋಜನವಿಲ್ಲ. ಒಂದೊಂದು ಟ್ರ್ಯಾಕಿನ ಪುಟಕ್ಕೂ ಪ್ರತ್ಯೇಕ ಲಿಂಕ್ ಕೊಡಬೇಕು. ಇದು ಬೇಜಾರಿನ ಕೆಲಸ. ರಿಜಿಸ್ಟ್ರೇಷನ್ ಸರ್ಟಿಫಿಕೇಟ್ ಮಾತ್ರ ಕೇಳುವುದಿಲ್ಲ. ಕಾಪಿರೈಟ್ ಬಗೆಗಿನ 1886ರ ಅಂತರರಾಷ್ಟ್ರೀಯ ಬರ್ನ್ ಒಪ್ಪಂದಕ್ಕೆ ಸೇರಿದ ದೇಶಗಳಲ್ಲಿ ಹಕ್ಕು ಸಿಗಲು ನೋಂದಣಿಯ ಹಂಗು ಇಲ್ಲ ಅಲ್ವಾ, ಮಾಡಿದವನಿಗೆ ತಾನಾಗಿಯೇ ಬರುತ್ತದೆ. ಕೊನೆಯಲ್ಲಿ ಪ್ರಮಾಣ ಮಾಡಿ ಸಹಿ ಹಾಕಬೇಕು. ಈ ಪ್ರಮಾಣ ಬಂದಿರುವುದು ಅಮೆರಿಕದ 1998ರ ಡಿಎಂಸಿಎ ಅನ್ನುವ ಕಾಪಿರೈಟ್ ಕಾನೂನಿನಿಂದ. ಸುಮ್ನೆ ಟಿಕ್ ಮಾಡಿ ಮುಂದೆ ಹೋಗಬೇಡಿ. ಬೇಕಂತಲೇ ಸುಳ್ಳು ದೂರು ಕೊಟ್ಟವರು ನಷ್ಟ ಕಟ್ಟಿಕೊಡಬೇಕಾಗುತ್ತದೆ ಅಂತ ಅದೇ ಕಾನೂನು ಹೇಳುತ್ತದೆ.

ನನ್ನ ದೂರು ಒಪ್ಪಿದರು, ಆ ಪುಟಗಳು ಹುಡುಕಾಟದಲ್ಲಿ ಬರುವುದು ನಿಂತಿತು. ಆದರೆ ಇದು ಅಂಗಡಿಯ ಬೋರ್ಡ್ ಕಿತ್ತ ಹಾಗೆ, ಸರಕು ಒಳಗೇ ಇರುತ್ತದೆ. ಲಿಂಕ್ ಗೊತ್ತಿದ್ದವರು ಆರಾಮಾಗಿ ಡೌನ್‌ಲೋಡ್ ಮಾಡುತ್ತಲೇ ಇರಬಹುದು. ಇನ್ನೊಂದು ವಿಷಯ ಬಹಳ ಜನರಿಗೆ ಗೊತ್ತಿರುವುದಿಲ್ಲ. ಇಂಥ ದೂರಿನ ಪ್ರತಿಯನ್ನು ಗೂಗಲ್ ‘ಲೂಮೆನ್’ ಅನ್ನುವ ಸಾರ್ವಜನಿಕ ಸಂಗ್ರಹಕ್ಕೆ ಕಳಿಸುತ್ತದೆ. ಅಲ್ಲಿ ದೂರು ಕೊಟ್ಟವರ ಹೆಸರು ಕಾಣಿಸಬಹುದು. ಕಾವ್ಯನಾಮದಲ್ಲಿ ಸಂಗೀತ ಮಾಡುವವರು ಇದನ್ನು ಯೋಚಿಸಿ. ನಿಮ್ಮ ಪರವಾಗಿ ಒಪ್ಪಿಗೆ ಪಡೆದ ಬೇರೆಯವರೂ ದೂರು ಕೊಡಬಹುದು. ಫಾರ್ಮ್‌ಗೆ ನನ್ನ ಅಂಕ ಐದಕ್ಕೆ ಮೂರೂವರೆ.

ನಿಜವಾದ ಕೆಲಸ ಆಗಿದ್ದು ಫೈಲ್ ಇಟ್ಟುಕೊಂಡಿದ್ದ ಹೋಸ್ಟಿಂಗ್ ಕಂಪನಿಗೆ ಬರೆದಾಗ. ಅದು ಯಾರು ಅಂತ ಹುಡುಕುವುದೇ ದೊಡ್ಡ ಪಾಡು. ಡೊಮೇನ್ ಮಾಹಿತಿಯಲ್ಲಿ ಮಾಲೀಕರ ಹೆಸರು ಮುಚ್ಚಿತ್ತು. ಐಪಿ ವಿಳಾಸ ನೋಡಿದರೆ ಕ್ಲೌಡ್‌ಫ್ಲೇರ್ ಅಂತ ಬಂತು. ಅದು ನಡುವೆ ನಿಂತು ಟ್ರಾಫಿಕ್ ದಾಟಿಸುವ ಸೇವೆ, ಫೈಲ್ ಇರುವುದು ಹಿಂದಿನ ಇನ್ನೊಂದು ಸರ್ವರಿನಲ್ಲಿ. ಕ್ಲೌಡ್‌ಫ್ಲೇರ್‌ನ ದೂರಿನ ಫಾರ್ಮ್ ತುಂಬಿದ ಮೇಲೆ ಹಿಂದಿರುವ ಹೋಸ್ಟ್ ಯಾರು ಅಂತ ತಿಳಿಯಿತು. ಈ ದೂರು ಆ ಹೋಸ್ಟಿಗೂ ಹೋಗುತ್ತದೆ, ಸೈಟ್ ಮಾಲೀಕನಿಗೂ ಹೋಗಬಹುದು. ಹಾಗಾಗಿ ಇಂಥದ್ದಕ್ಕೆಂದೇ ಬೇರೆ ಇಮೇಲ್ ಇಟ್ಟುಕೊಂಡಿದ್ದೆ. ಹೋಸ್ಟ್ ಕಂಪನಿ ಮೊದಲು ಫೈಲುಗಳ ನೇರ ಲಿಂಕ್ ಕೇಳಿತು, ಕೊಟ್ಟ ಮೇಲೆ ತೆಗೆದುಹಾಕಿತು. ಈ ದಾರಿಗೆ ನಾಲ್ಕೂವರೆ. ನನ್ನ ಕೇಳಿದರೆ ಮೊದಲು ಇದನ್ನೇ ಮಾಡಿ, ಆಮೇಲೆ ಗೂಗಲ್.

ದೂರಿಗೆ ಮುಂಚೆ ಎರಡೂ ಸೈಟುಗಳ ಪುಟಗಳನ್ನು, ವೆಬ್ ಪುಟಗಳ ಹಳೆಯ ಪ್ರತಿ ಕಾಪಾಡುವ ವೇಬ್ಯಾಕ್ ಮಷೀನ್‌ನಲ್ಲಿ ಉಳಿಸಿಕೊಂಡೆ. ನನ್ನ ಪುಟದ ಹಳೆಯ ಪ್ರತಿ ಅಲ್ಲಿ ಮೊದಲೇ ಇದ್ದದ್ದು ಅದೃಷ್ಟ, ತಾರೀಖಿನ ಸಮೇತ ಸಿಕ್ಕಿತು. ಎರಡೂ ಕಡೆಯ ಫೈಲಿನ ಎಸ್‌ಎಚ್‌ಎ-256 ಹ್ಯಾಶ್ (ಫೈಲಿನ ಬೆರಳಚ್ಚಿನಂಥ ಅಕ್ಷರ-ಅಂಕಿಗಳ ಸಾಲು) ತೆಗೆದು ಹೋಲಿಸಿದೆ. ಒಂದಕ್ಷರವೂ ವ್ಯತ್ಯಾಸವಿಲ್ಲ, ಅಂದರೆ ಅದು ನನ್ನದೇ ಫೈಲ್. ಮತ್ತೆ ಎನ್‌ಕೋಡ್ ಮಾಡಿದ್ದರೆ, ಅಂದರೆ ಆಡಿಯೋವನ್ನು ಹೊಸದಾಗಿ ಫೈಲ್ ಮಾಡಿದ್ದರೆ, ಹ್ಯಾಶ್ ಬದಲಾಗುತ್ತಿತ್ತು. ಆಗ ಕುರ್ಚಿಯ ಸದ್ದೇ ಸಾಕ್ಷಿ! ಬೇರೆ ಬೇರೆ ವಾದ್ಯದ ಟ್ರ್ಯಾಕ್ ಇರುವ ಮೂಲ ಪ್ರಾಜೆಕ್ಟ್ ಫೈಲುಗಳನ್ನಂತೂ ಯಾವತ್ತೂ ಅಳಿಸಬೇಡಿ. ಅವು ಕದ್ದವನ ಹತ್ತಿರ ಇರುವುದಿಲ್ಲ.

ಡಿಎಂಸಿಎ ಪ್ರಕಾರ ಆ ಕಡೆಯವರು ಪ್ರತಿದೂರು ಕೊಡಬಹುದು. ಕೊಟ್ಟರೆ, ನಾವು ಕೋರ್ಟಿಗೆ ಹೋಗದಿದ್ದಲ್ಲಿ 10ರಿಂದ 14 ಕೆಲಸದ ದಿನಗಳಲ್ಲಿ ಫೈಲ್ ವಾಪಸ್ ಬರಬಹುದು. ನನ್ನ ಟ್ರ್ಯಾಕ್ ಕದ್ದವರು ಉಸಿರೆತ್ತಲಿಲ್ಲ.

ಈ ಗಡಿಬಿಡಿಯಲ್ಲಿ ಹಣ ಕೊಟ್ಟು ತೆಗೆಸುವ ಒಂದು ಸೇವೆಯನ್ನೂ ನೋಡಿದೆ. ಹೆಸರು ಬೇಡ. ಪ್ರತಿ ತಿಂಗಳು ಫೀಸು. ಅವರು ಮಾಡಿದ್ದು ನಾನು ತುಂಬಿದ್ದ ಫಾರ್ಮನ್ನೇ ಮತ್ತೆ ತುಂಬಿದ್ದು, ಅದರಲ್ಲೂ ಟ್ರ್ಯಾಕಿನ ಹೆಸರು ತಪ್ಪು. ನೂರಾರು ಫೈಲ್ ಇದ್ದು, ಕೂತು ಲಿಂಕ್ ಜೋಡಿಸಲು ಸಮಯವಿಲ್ಲದವರಿಗೆ ಸರಿಹೋಗಬಹುದೇನೋ. ನನಗಂತೂ ದಂಡ. ಒಂದು ಅಂಕ, ಅದೂ ಕ್ಯಾನ್ಸಲ್ ಬಟನ್ ಸುಲಭವಾಗಿ ಸಿಕ್ಕಿದ್ದಕ್ಕೆ.

ಆ ಸೈಟಿನಿಂದ ಡೌನ್‌ಲೋಡ್ ಮಾಡಿ ತಮ್ಮ ವಿಡಿಯೋಗೆ ಹಾಕಿಕೊಂಡವರೂ ಇದ್ದಾರೆ. ಅವರ ಮೇಲೆ ದೂರು ಕೊಡಲಿಲ್ಲ, ಫ್ರೀ ಅಂತ ಬರೆದಿದ್ದನ್ನು ನಂಬಿದವರು ಅವರು. ಗೊತ್ತಾದವರಿಗೆ ಮೇಲ್ ಬರೆದು ವಿವರಣೆಯಲ್ಲಿ ನನ್ನ ಹೆಸರು ಸೇರಿಸಿ ಅಂದೆ. ಹೆಚ್ಚಿನವರು ಸೇರಿಸಿದರು. ಒಬ್ಬರು ಲೈಸೆನ್ಸನ್ನೇ ಕೊಂಡರು.