ಕಾರ್ಡ್ ಚಾರ್ಜ್‌ಬ್ಯಾಕ್: ಬ್ಯಾಂಕಿನ ಈ ಸೇವೆಯಿಂದ ದುಡ್ಡು ವಾಪಸ್ ಬರುತ್ತಾ?

ಬರುತ್ತೆ, ಕಾರಣ ಸರಿಯಾಗಿ ಆರಿಸಿದರೆ. ಕಾರ್ಡಿನಲ್ಲಿ ಅಂಗಡಿಗೆ ಕೊಟ್ಟ ಹಣವನ್ನು ಬ್ಯಾಂಕಿನ ಮೂಲಕ ವಾಪಸ್ ಪಡೆಯುವುದೇ ಚಾರ್ಜ್‌ಬ್ಯಾಕ್. ಅದಕ್ಕಾಗಿ ಬ್ಯಾಂಕಿಗೆ ಡಿಸ್ಪ್ಯೂಟ್ (ತಕರಾರು ಅರ್ಜಿ) ಕೊಡುವಾಗ ‘ಯಾಕೆ’ ಅಂತ ಒಂದು ಪಟ್ಟಿ ಎದುರಾಗುತ್ತದೆ. ಸಿಟ್ಟಲ್ಲಿರುವವರ ಬೆರಳು ಸೀದಾ ‘ಫ್ರಾಡ್’ ಮೇಲೆ ಹೋಗುತ್ತದೆ. ಆ ಖಾನೆ ಇರುವುದು ನಿಮ್ಮ ಕಾರ್ಡನ್ನು ಬೇರೆ ಯಾರೋ ಬಳಸಿದ್ದಕ್ಕೆ. ಓಟಿಪಿ ಹಾಕಿ ಕೊಂಡವರು ನೀವೇ ಆಗಿದ್ದರೆ ಬ್ಯಾಂಕ್ ಆ ದಾಖಲೆ ತೋರಿಸಿ ಕೇಸ್ ಮುಚ್ಚಬಹುದು. ಜೊತೆಗೆ ಕಾರ್ಡೂ ಬ್ಲಾಕ್ ಆಗುತ್ತದೆ.

ಅಂಗಡಿಯ ಜೊತೆಗಿನ ತಕರಾರಿಗೆ ಬೇರೆ ಕಾರಣಗಳಿವೆ. ‘ಮಾಲು ಬಂದಿಲ್ಲ’, ‘ಎರಡು ಸಲ ಕಟ್ ಆಗಿದೆ’ ಇವೆರಡು ಗಟ್ಟಿ. ‘ಹೇಳಿದ್ದೇ ಒಂದು, ಕಳಿಸಿದ್ದೇ ಇನ್ನೊಂದು’ ಅನ್ನುವುದು ಕಷ್ಟದ್ದು. ಫೋಟೊ ಸಾಲದು, ಮಾಲು ವಾಪಸ್ ಕೊಡಲು ನೀವು ಪ್ರಯತ್ನಿಸಿದ ಪುರಾವೆಯೂ ಬೇಕು. ಹಿಡಿಸಲಿಲ್ಲ ಅನ್ನುವುದಕ್ಕೆ ಇಲ್ಲಿ ಜಾಗವಿಲ್ಲ.

ರೀಫಂಡ್ ಮಾಡಿದ್ದೇವೆ ಅಂತ ಅಂಗಡಿಯವರು ಸಾಧಿಸುತ್ತಿದ್ದರೆ ಆ ವಹಿವಾಟನ್ನು ಗುರುತಿಸುವ 23 ಅಂಕಿಯ ಉಲ್ಲೇಖ ಸಂಖ್ಯೆ, ಅಂದರೆ ಎಆರ್‌ಎನ್ ಕೇಳಿ. ಅದನ್ನು ಕೊಟ್ಟರೆ ಹಣ ಎಲ್ಲಿದೆ ಅಂತ ನಿಮ್ಮ ಬ್ಯಾಂಕ್ ಹುಡುಕಬಲ್ಲದು. ನಂಬರ್ ಕೊಡಲು ಸತಾಯಿಸುತ್ತಿದ್ದಾರೆ ಅಂದರೆ ಹಣ ಇನ್ನೂ ಅಲ್ಲಿಂದ ಹೊರಟೇ ಇಲ್ಲ ಅನ್ನುವ ಅನುಮಾನ ಸರಿ.

ದೂರಿನ ಒಕ್ಕಣೆ ಚಿಕ್ಕದಾಗಿರಲಿ. “ಮೋಸ ಹೋಗಿದ್ದೇನೆ, ದಯವಿಟ್ಟು ಸಹಾಯ ಮಾಡಿ” ಅಂತ ಬರೆದರೆ ಏನೂ ಆಗದು. ಹೀಗಿರಲಿ: “ಮಾರ್ಚ್ 3ರಂದು ₹4,299 ಪಾವತಿ. 10ರೊಳಗೆ ಡೆಲಿವರಿ ಎಂದಿದ್ದರು. ಬಂದಿಲ್ಲ. 14 ಮತ್ತು 18ರಂದು ಇಮೇಲ್ ಮಾಡಿದೆ, ಉತ್ತರವಿಲ್ಲ.” ಆರ್ಡರ್ ರಸೀದಿ ಮತ್ತು ಆ ಎರಡು ಇಮೇಲ್‌ಗಳನ್ನು ಪಿಡಿಎಫ್ ಮಾಡಿ ಲಗತ್ತಿಸಿ.

ವೀಸಾ, ಮಾಸ್ಟರ್‌ಕಾರ್ಡ್ ನಿಯಮದಲ್ಲಿ ತಕರಾರು ಹೂಡುವ ಗಡುವು ಸಾಮಾನ್ಯವಾಗಿ 120 ದಿನ. ಮಾಲು ಬಾರದಿದ್ದರೆ ಬರಬೇಕಿದ್ದ ದಿನದಿಂದ ಲೆಕ್ಕ. “ಮುಂದಿನ ವಾರ ಸಾರ್” ಅನ್ನುವ ಅಂಗಡಿಗಳಿಗೆ ಈ ಗಡುವು ಚೆನ್ನಾಗಿ ಗೊತ್ತು.

ಖಾತೆಗೆ ತಾತ್ಕಾಲಿಕವಾಗಿ ಹಣ ಜಮೆ ಆದರೆ ಖರ್ಚು ಮಾಡಬೇಡಿ. ಅಂಗಡಿ ಡೆಲಿವರಿ ಪುರಾವೆ ಕೊಟ್ಟರೆ ಅದು ವಾಪಸ್ ಹೋಗುತ್ತದೆ. ಆ ಪುರಾವೆಯ ಪ್ರತಿ ಕೇಳಿ ಪಿನ್‌ಕೋಡ್, ಸಹಿ ನೋಡಿ. ಬೇರೆ ಊರಿನ ವಿಳಾಸ ಇದ್ದರೆ ಅದನ್ನೇ ಹಿಡಿದು ಮತ್ತೆ ತಕರಾರು ಹೂಡಿ. ಇಎಂಐಗೆ ಬದಲಾಯಿಸಿದ ಖರೀದಿಯಾದರೆ ಇಎಂಐ ರದ್ದು ಮಾಡಲು ಪ್ರತ್ಯೇಕವಾಗಿ ಕೇಳಿ, ಇಲ್ಲದಿದ್ದರೆ ಕಂತು ಮುಂದುವರಿಯಬಹುದು. ಕಾರ್ಡಿನ ಉಳಿದ ಬಿಲ್ ಅಂತೂ ತಪ್ಪದೆ ಕಟ್ಟಿ.

ಹಣ ಕಟ್ ಆಗಿ ಆರ್ಡರೇ ಬೀಳದಿದ್ದರೆ ಅದು ಬೇರೆ ದಾರಿ. ಆರ್‌ಬಿಐನ 2019ರ ನಿಯಮದಂತೆ ವಹಿವಾಟಿನ ಮರುದಿನದಿಂದ 5 ದಿನದಲ್ಲಿ ಹಣ ತಾನಾಗಿ ಮರಳಬೇಕು, ತಡವಾದರೆ ದಿನಕ್ಕೆ ₹100 ಪರಿಹಾರ. ಈ ₹100 ಕೇಳುವವರು ಕಡಿಮೆ, ಕೇಳಿ. ನಿಜವಾಗಿಯೂ ಕಾರ್ಡ್ ದುರ್ಬಳಕೆ ಆಗಿದ್ದರೆ ಮೊದಲು ಕಾರ್ಡ್ ಬ್ಲಾಕ್ ಮಾಡಿ, ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಕರೆ ಮಾಡಿ, 3 ಕೆಲಸದ ದಿನಗಳೊಳಗೆ ಬ್ಯಾಂಕಿಗೆ ದೂರು ಕೊಡಿ.

ಸೇವೆಯ ಅತಿ ಕಳಪೆ ಭಾಗ ಬ್ಯಾಂಕಿನ ಸಹಾಯವಾಣಿ. ಅಲ್ಲಿ “ಅಂಗಡಿಯವರನ್ನೇ ಕೇಳಿ” ಅಂತ ಸಾಗಹಾಕುತ್ತಾರೆ. ಬಾಯಿಮಾತಿಗೆ ಬಗ್ಗದೆ ದೂರಿನ ಸಂಖ್ಯೆ ತೆಗೆದುಕೊಳ್ಳಿ. 30 ದಿನದಲ್ಲಿ ಉತ್ತರ ಬಾರದಿದ್ದರೆ ಅಥವಾ ಬಂದ ಉತ್ತರ ಸರಿಯಿಲ್ಲದಿದ್ದರೆ, ಆ ದೂರಿನ ಪ್ರತಿಯೊಂದಿಗೆ ಬ್ಯಾಂಕುಗಳ ಮೇಲಿನ ದೂರು ವಿಚಾರಿಸುವ ಆರ್‌ಬಿಐ ಒಂಬುಡ್ಸ್‌ಮನ್‌ಗೆ ಆರ್‌ಬಿಐನ ದೂರು ಜಾಲತಾಣವಾದ ಸಿಎಂಎಸ್ ಪೋರ್ಟಲ್‌ನಲ್ಲಿ ಬರೆಯಬಹುದು, ಶುಲ್ಕವಿಲ್ಲ. ಮೊದಲು ಬ್ಯಾಂಕಿಗೆ ದೂರು ಕೊಡದೆ ಅಲ್ಲಿಗೆ ಹೋದರೆ ಅರ್ಜಿ ತಿರಸ್ಕೃತ.