ತೇಲೋ ನೆಟ್ ಬಾಕ್ಸ್: ಮೀನಿರೋ ಕೊಳದಲ್ಲಿ ಕಪ್ಪೆ ಮೊಟ್ಟೆ ಉಳಿಸೋಕೆ ತಗೋಬಹುದಾ?

ಕೊಳದಲ್ಲಿ ಮೀನಿದ್ದು, ಕಪ್ಪೆ ಬಂದು ಮೊಟ್ಟೆ ಇಟ್ಟಿದ್ರೆ ಧಾರಾಳವಾಗಿ ತಗೊಳ್ಳಿ. ಮೀನೇ ಇಲ್ಲ ಅಂದ್ರೆ ಇದು ಬೇಡ, ಮೊಟ್ಟೆನ ಅದರ ಪಾಡಿಗೆ ಬಿಟ್ಬಿಡಿ, ಅದಕ್ಕಿಂತ ಒಳ್ಳೆ ಆರೈಕೆ ಇನ್ನೊಂದಿಲ್ಲ.

ಅಸಲಿಗೆ ಇದು ಮೀನು ಮರಿ ಸಾಕೋಕೆ ಅಂತ ಮಾರೋ ಐಟಮ್ಮು. ಸುತ್ತ ಫೋಮ್ ರಿಂಗ್, ಕೆಳಗೆ ನೈಲಾನ್ ಬಲೆ, ಮೇಲೆ ಜಿಪ್ ಹಾಕೋ ಮುಚ್ಚಳ, ಅಷ್ಟೇ. ಆದ್ರೆ ಗೋಲ್ಡ್ ಫಿಶ್ ಥರದ ಮೀನುಗಳು ಮೊಟ್ಟೆನೂ ಬಿಡಲ್ಲ, ಗೊದಮೊಟ್ಟೆನೂ ಬಿಡಲ್ಲ, ಹಾಗಾಗಿ ಮೊಟ್ಟೆ ಅದೇ ನೀರಲ್ಲೇ ಇದ್ದು ಮೀನಿನ ಬಾಯಿಗೆ ಮಾತ್ರ ಸಿಗದೇ ಇರೋ ಹಾಗೆ ಮಾಡೋಕೆ ಇದು ಬಹಳ ಚೆನ್ನಾಗಿ ಕೆಲಸ ಮಾಡುತ್ತೆ. ಬಕೆಟ್‌ಗೆ ನಲ್ಲಿ ನೀರು ಹಿಡಿದು ಅದರಲ್ಲಿ ಹಾಕೋದಕ್ಕಿಂತ ಎಷ್ಟೋ ಮೇಲು, ಕ್ಲೋರಿನ್ ಭಯ ಇಲ್ಲ, ಬಕೆಟ್ ನೀರು ಬಿಸಿಲಿಗೆ ಕಾದುಹೋಗೋ ಹಾಗೆ ಇಲ್ಲಿ ಸುಲಭಕ್ಕೆ ಕಾಯೋದೂ ಇಲ್ಲ.

ತಗೊಳ್ಳೋ ಮುಂಚೆ ಬಲೆ ಕಣ್ಣು ನೋಡ್ಕೊಳ್ಳಿ, ಇದು ತುಂಬಾ ಮುಖ್ಯ. ಆಗಷ್ಟೇ ಹೊರಗೆ ಬಂದ ಗೊದಮೊಟ್ಟೆ ಎಷ್ಟು ಸಣ್ಣಕಿರುತ್ತೆ ಅಂದ್ರೆ ಕಣ್ಣು 1 ಮಿ.ಮೀ.ಗಿಂತ ದೊಡ್ಡದಿದ್ರೆ ನುಸುಳಿ ಹೋಗೋ ಚಾನ್ಸ್ ಇದೆ. ನಾನು ತಗೊಂಡಿದ್ದು ಸಣ್ಣ ಕಣ್ಣಿನ ಬಲೆ, ಒಂದೂ ಆಚೆ ಹೋಗಿಲ್ಲ, ಆದ್ರೆ ಸಣ್ಣ ಕಣ್ಣು ಅಂದ್ಮೇಲೆ ಪಾಚಿ ಬೇಗ ಕಟ್ಕೊಳ್ಳುತ್ತೆ, ಕಟ್ಕೊಂಡ್ರೆ ನೀರು ಓಡಾಡಲ್ಲ, ಒಳಗೆ ಆಕ್ಸಿಜನ್ ಕಮ್ಮಿ ಆಗುತ್ತೆ, ಅದಕ್ಕೆ ಆಗಾಗ ಹೊರಗಡೆಯಿಂದ ಮೆತ್ತಗೆ ಬ್ರಷ್ ಆಡಿಸಬೇಕು. ಒಳಗಡೆ ಪಾಚಿ ಸ್ವಲ್ಪ ಇರ್ಲಿ, ಮರಿಗಳು ಅದನ್ನೇ ಕೆರೆದು ತಿನ್ನೋದು, ಅವು ತಿನ್ನೋದನ್ನ ನೋಡ್ತಾ ಕೂತ್ರೆ ಹೊತ್ತು ಹೋಗಿದ್ದೇ ಗೊತ್ತಾಗಲ್ಲ. ಪಾಚಿ ಸಾಲದಿದ್ರೆ ಬೇಯಿಸಿದ ಪಾಲಕ್ ಚೂರು ಹಾಕಿ, ಉಳಿದಿದ್ದನ್ನ ತೆಗೀರಿ, ಕೊಳೆತ್ರೆ ನೀರು ಕೆಡುತ್ತೆ.

ಮೊಟ್ಟೆ ರಾಶಿನ ಕೈಯಲ್ಲಿ ಎತ್ತಬೇಡಿ, ಅಗಲದ ಪಾತ್ರೆ ನೀರೊಳಗೆ ಮುಳುಗಿಸಿ ನೀರಿನ ಸಮೇತ ಬಾಕ್ಸಿಗೆ ಇಳಿಸಿ. ಲೋಳೆ ನೀರು ಹೀರ್ಕೊಂಡು ಊದುತ್ತೆ, ಆದ್ರಿಂದ ಬಾಕ್ಸ್ ತುಂಬಾ ತುಂಬಬೇಡಿ. ಬೆಳ್ಳಗಾಗಿ ಬೂಷ್ಟು ಹಿಡಿದ ಮೊಟ್ಟೆ ಸತ್ತಿರುತ್ತೆ, ಅಂಥದ್ದನ್ನ ತೆಗೆದುಬಿಡಿ. ಎಷ್ಟು ದಿನಕ್ಕೆ ಮರಿ ಆಗುತ್ತೆ ಅನ್ನೋದು ಕಪ್ಪೆ ಜಾತಿ ಮೇಲೆ, ನೀರಿನ ಬಿಸಿ ಮೇಲೆ ಹೋಗುತ್ತೆ, ತಣ್ಣೀರಲ್ಲಿ ವಾರಗಟ್ಟಲೆ ಆದ್ರೂ ಗಾಬರಿ ಬೇಡ. ಬೇರೆ ಕೊಳದಿಂದ ಮೊಟ್ಟೆ ತಂದು ಇದರಲ್ಲಿ ಹಾಕೋದಂತೂ ಬೇಡವೇ ಬೇಡ, ಕಪ್ಪೆಗಳನ್ನ ಸಾಯಿಸೋ ಕೈಟ್ರಿಡ್ ಫಂಗಸ್, ರಾನಾವೈರಸ್ ಥರದ ರೋಗ ಜೊತೆಗೇ ಬರಬಹುದು.

ಕೊರತೆ ಅಂದ್ರೆ ಜೊತೆಗೆ ಕೊಡೋ ರಬ್ಬರ್ ಬಿಲ್ಲೆ, ಅದು ಗಾಜಿಗೆ ಅಂಟುತ್ತೆ, ಕಲ್ಲಿನ ಕೊಳಕ್ಕೆ ಅಂಟಲ್ಲ, ಹಗ್ಗ ಕಟ್ಟಿ ನೆರಳಿರೋ ಕಡೆ ನಿಲ್ಲಿಸಬೇಕಾಯ್ತು. ಇನ್ನೊಂದು, ಒಳಗೆ ಹತ್ತಿ ಕೂರೋಕೆ ಜಾಗ ಕೊಟ್ಟಿಲ್ಲ. ಮುಂಗಾಲು ಬರೋ ಹೊತ್ತಿಗೆ ಮರಿಗಳು ಗಾಳಿ ಉಸಿರಾಡೋಕೆ ಶುರು ಮಾಡಿರುತ್ವೆ, ನೀರಿಂದ ಮೇಲೆ ಬರೋಕೆ ಆಸರೆ ಇಲ್ದಿದ್ರೆ ಮುಳುಗಿ ಸಾಯ್ತವೆ. ಅದಕ್ಕೆ ಹಿಂಗಾಲು ಚೆನ್ನಾಗಿ ಬಲಿತ ತಕ್ಷಣ ಒಂದು ಮರದ ತೊಗಟೆ ತೇಲಿಬಿಟ್ಟು, ಬಾಕ್ಸನ್ನ ಗಿಡ ಬೆಳೆದಿರೋ ದಡಕ್ಕೆ ಎಳೆದು ಕಟ್ಟಿ, ಜಿಪ್ ತೆಗೆದಿಡಿ.

ಐದಕ್ಕೆ ನಾಲ್ಕು ಸ್ಟಾರ್. ಇರೋದ್ರಲ್ಲಿ ದೊಡ್ಡ ಸೈಜೇ ತಗೊಳ್ಳಿ, ಚಿಕ್ಕದು ಒಂದು ರಾಶಿ ಮೊಟ್ಟೆಗೂ ಸಾಲಲ್ಲ.