ಫ್ಲಿಪ್ಪರ್ ಮ್ಯಾಗ್ನೆಟ್: ಉಪ್ಪುನೀರಿನ ಟ್ಯಾಂಕಿನ ಗಾಜಿಗೆ ಸರಿ, ಮರಳಿನ ಅಂಚಿಗೆ ಬೇಡ

ಫ್ಲಿಪ್ಪರ್ ಅಂದರೆ ಅಕ್ವೇರಿಯಂ ಗಾಜಿನ ಒಳಗೊಂದು, ಹೊರಗೊಂದು ತುಂಡು ಇಟ್ಟು ಪಾಚಿ ಉಜ್ಜುವ ಮ್ಯಾಗ್ನೆಟ್. ಸಮುದ್ರದ ಮೀನು, ಹವಳ ಸಾಕುವ ಉಪ್ಪುನೀರಿನ ಟ್ಯಾಂಕಿನ ಗಾಜಿಗೆ ಹಿಡಿಯುವುದು ಒಂದೇ ಬಗೆಯ ಪಾಚಿಯಲ್ಲ. ಹೊಸ ಟ್ಯಾಂಕಿನಲ್ಲಿ ಮೊದಲ ಒಂದೆರಡು ತಿಂಗಳು ಕಾಣುವ ಕಂದು ಪುಡಿ ಡಯಾಟಮ್; ಬೆರಳಲ್ಲಿ ಒರೆಸಿದರೂ ಹೋಗುತ್ತದೆ. ಆಮೇಲೆ ಹಸಿರು ಪದರ. ಎರಡು ಮೂರು ದಿನದ್ದಾದರೆ ಪ್ಯಾಡಿಗೆ ಬಿಡುತ್ತದೆ, ವಾರಗಟ್ಟಲೆ ಬಿಟ್ಟರೆ ಚುಕ್ಕೆ ಚುಕ್ಕೆಯಾಗಿ ಗಟ್ಟಿ ಕೂರುತ್ತದೆ. ಟ್ಯಾಂಕ್ ಪಳಗಿ, ಕ್ಯಾಲ್ಸಿಯಂ ಮತ್ತು ಆಲ್ಕಲಿನಿಟಿ (ನೀರಿನ ಕ್ಷಾರೀಯತೆ) ಚೆನ್ನಾಗಿದ್ದರೆ ನೇರಳೆ ಬಣ್ಣದ ಕೊರಲೈನ್ ಬರುತ್ತದೆ. ಅದು ಸುಣ್ಣ ಕಟ್ಟುವ ಪಾಚಿ. ಪ್ಯಾಡಿನಲ್ಲಿ ಎಷ್ಟು ಉಜ್ಜಿದರೂ ಜಗ್ಗುವುದಿಲ್ಲ, ಬ್ಲೇಡೇ ಬೇಕು.

ಫ್ಲಿಪ್ಪರಿಗೆ ಕೊಟ್ಟ ದುಡ್ಡು ಸಾರ್ಥಕವಾಗುವುದು ಇಲ್ಲಿ. ಒಳಗಿನ ತುಂಡಿನ ಒಂದು ಮೈಗೆ ಉಜ್ಜುವ ಪ್ಯಾಡ್, ಇನ್ನೊಂದು ಮೈಗೆ ಬ್ಲೇಡ್. ಹೊರಗಿನ ತುಂಡನ್ನು ತಿರುಗಿಸಿದರೆ ಒಳಗಿನದು ತಾನೇ ಮಗುಚಿಕೊಳ್ಳುತ್ತದೆ. ಮಗುಚಲು ನೀರಿಗೆ ಕೈ ಹಾಕುವ ಕೆಲಸವಿಲ್ಲ, ಕೈಯಲ್ಲಿನ ಸೋಪು, ಕ್ರೀಮು ಹವಳಕ್ಕೆ ತಾಗುವ ಭಯವೂ ಇಲ್ಲ. ಬರೀ ಪ್ಯಾಡ್ ಇರುವ ಸಾದಾ ಮ್ಯಾಗ್ನೆಟ್ ಹಸಿರು ಪದರಕ್ಕೆ ಸಾಕು, ಕೊರಲೈನ್ ಎದುರು ಸೋಲುತ್ತದೆ.

ಕೊಳ್ಳುವ ಮುಂಚೆ ಗಾಜಿನ ದಪ್ಪ ಅಳೆಯಿರಿ. ಅಂಗಡಿಯವರು ಹೇಳಿದ್ದನ್ನು ನಂಬಬೇಡಿ, ಮೇಲಂಚಿಗೆ ಸ್ಟೀಲ್ ಸ್ಕೇಲ್ ಇಟ್ಟು ನೋಡಿ. ಫ್ಲಿಪ್ಪರ್ ಮಾದರಿಗಳಲ್ಲಿ ನ್ಯಾನೋ 6 ಮಿ.ಮೀ. ಗಾಜಿನವರೆಗೆ, ಸ್ಟ್ಯಾಂಡರ್ಡ್ 12 ಮಿ.ಮೀ.ವರೆಗೆ, ಮ್ಯಾಕ್ಸ್ 24 ಮಿ.ಮೀ.ವರೆಗೆ. ಗಾಜು ದಪ್ಪವಾದಷ್ಟೂ ಸೆಳೆತ ಬೇಗ ಬೇಗ ಕುಸಿಯುತ್ತದೆ. ಅಳತೆಗೆ ಸಣ್ಣದು ತಂದರೆ ಮಗುಚುವಾಗ ಕಳಚಿ ನೇರ ಮರಳಿಗೆ ಬೀಳುತ್ತದೆ. ದೊಡ್ಡದೇ ಇರಲಿ ಎಂದು ತೆಳು ಗಾಜಿಗೆ ಮ್ಯಾಕ್ಸ್ ತಂದರೂ ಕಷ್ಟವೇ: ಗಾಜಿಗೆ ಕಚ್ಚಿಕೊಂಡು ಎಳೆಯಲು ಬಾರದು, ಬೆರಳು ಸಿಕ್ಕಿದರೆ ಚರ್ಮ ಕಿತ್ತು ಬರುತ್ತದೆ. ಎರಡು ತುಂಡನ್ನು ಎಂದೂ ಬಿಡಿಯಾಗಿ ಎದುರುಬದುರು ಇಡಬೇಡಿ. ಮನೆಯಲ್ಲಿ ಪೇಸ್‌ಮೇಕರ್ ಇರುವವರಿದ್ದರೆ ಅವರ ಕೈಗೆ ಕೊಡಲೇಬೇಡಿ.

ಇನ್ನು ಗೀರಿನ ಮಾತು. ಗಾಜಿಗೆ ಗೀರು ಬಿದ್ದರೆ ಜನ ಬ್ಲೇಡನ್ನು ಬೈಯುತ್ತಾರೆ. ಬಹಳ ಸಲ ತಪ್ಪು ಬ್ಲೇಡಿನದಲ್ಲ, ಪ್ಯಾಡಿನಡಿ ಸಿಕ್ಕಿಕೊಂಡ ಒಂದು ಕಾಳು ಮರಳಿನದು. ಮೋಸ್ ಗಡಸುತನದ ಅಳತೆಯಲ್ಲಿ ಕಿಟಕಿ ಗಾಜು ಸುಮಾರು 5.5, ಹವಳದ ಮರಳಿನ ಅರಾಗೊನೈಟ್ 3.5ರಿಂದ 4, ಸಿಲಿಕಾ ಮರಳು 7. ಅಂದರೆ ಅಪ್ಪಟ ಅರಾಗೊನೈಟ್ ಗಾಜನ್ನು ಗೀರದು, ಸಿಲಿಕಾ ಖಂಡಿತ ಗೀರುತ್ತದೆ. ಬಿಡಿಯಾಗಿ ತೂಕಕ್ಕೆ ಕೊಡುವ ‘ಮರೀನ್ ಮರಳಿ’ನಲ್ಲಿ ಎರಡೂ ಬೆರೆತಿರಬಹುದು. ಒಂದು ಚಮಚ ಮರಳಿಗೆ ಅಡುಗೆಮನೆಯ ವಿನಿಗರ್ ಸುರಿದು ನೋಡಿ: ಅರಾಗೊನೈಟ್ ನೊರೆನೊರೆಯಾಗಿ ಗುಳ್ಳೆ ಬಿಡುತ್ತದೆ, ಸಿಲಿಕಾ ಸುಮ್ಮನೆ ಕೂತಿರುತ್ತದೆ. ಆಕ್ರಿಲಿಕ್ ಟ್ಯಾಂಕಿನ ಲೆಕ್ಕ ಬೇರೆ. ಅದು ಎಷ್ಟು ಮೆತ್ತಗೆಂದರೆ ಹವಳದ ಮರಳೂ ಗೀರುತ್ತದೆ, ಕಿತ್ತ ಕೊರಲೈನ್ ಚೂರೂ ಗೀರುತ್ತದೆ. ಅದಕ್ಕೆ ಸ್ಟೀಲ್ ಬ್ಲೇಡ್ ಸಲ್ಲದು, ಪ್ಲಾಸ್ಟಿಕ್ ಬ್ಲೇಡ್ ಹಾಕಬೇಕು. ಲೋ ಐರನ್ (ಕಬ್ಬಿಣದಂಶ ಕಡಿಮೆಯಿರುವ, ಹೆಚ್ಚು ತಿಳಿಯಾದ) ಗಾಜಿನ ಟ್ಯಾಂಕ್ ಇರುವವರೂ ಇನ್ನೊಂದಿಷ್ಟು ಹುಷಾರಾಗಿರಲಿ.

ಬಳಸುವ ಕ್ರಮ ಹೀಗೆ. ಮೊದಲು ಗಾಜಿನ ಹೊರಮೈಯನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ. ಬೆಂಗಳೂರಿನ ರಸ್ತೆ ಧೂಳು ಹೊರಗಿನ ತುಂಡಿನಡಿ ಸಿಕ್ಕಿದರೆ ಅದೂ ಗೀರೇ. ಒಳಗಿನ ತುಂಡನ್ನು ತೊಳೆದು, ಪ್ಯಾಡಿನ ಮೇಲೆ ಬೆರಳಾಡಿಸಿ ಕಾಳು ಇಲ್ಲವೆಂದು ನೋಡಿಕೊಂಡು ಮೇಲಿನ ಮೂಲೆಯಲ್ಲಿ ಇಳಿಸಿ. ಹೊರಗಿನದನ್ನು ಪಕ್ಕದಿಂದ ನಿಧಾನಕ್ಕೆ ತನ್ನಿ. ಮೇಲಿನ ಅರ್ಧ ಮುಗಿಸಿಯೇ ಕೆಳಗೆ ಬನ್ನಿ. ಮರಳಿನಿಂದ ಎರಡು ಬೆರಳಗಲ ಮೇಲೆ ನಿಲ್ಲಿಸಿ. ಆ ಕೊನೆಯ ಪಟ್ಟಿಗೆ ಅವಧಿ ಮುಗಿದ ಎಟಿಎಂ ಕಾರ್ಡ್ ಸಾಕು: ಮರಳನ್ನು ಗಾಜಿನಿಂದ ಆಚೆ ಸರಿಸಿ, ಕಾರ್ಡಿನ ಅಂಚಿನಲ್ಲಿ ಕೆಳಗಿನಿಂದ ಮೇಲಕ್ಕೆ ಕೆರೆಯಿರಿ. ಕಂಪನಿ ಏನೇ ಹೇಳಲಿ, ಯಾವ ಮ್ಯಾಗ್ನೆಟ್ಟಿಗೂ ಈ ಪಟ್ಟಿ ಒಪ್ಪಿಸುವಂತಿಲ್ಲ.

ಇನ್ನೊಂದು ಅಪಾಯದ ಜಾಗ ಮೂಲೆಯ ಸಿಲಿಕೋನ್. ಬ್ಲೇಡ್ ಅದನ್ನು ಬೆಣ್ಣೆಯಂತೆ ಕತ್ತರಿಸುತ್ತದೆ, ಲೀಕ್ ಶುರುವಾದ ಮೇಲೆ ಟ್ಯಾಂಕ್ ಬರಿದು ಮಾಡದೆ ದಾರಿಯಿಲ್ಲ. ಮೂಲೆಯಿಂದ ಅರ್ಧ ಸೆಂ.ಮೀ. ದೂರವಿರಿ, ಸಿಲಿಕೋನ್ ಮೇಲಿನ ಕೊರಲೈನ್ ಇದ್ದರೆ ಇರಲಿ ಬಿಡಿ.

ಕೆಲಸ ಮುಗಿದ ಮೇಲೆ ಒಳಗಿನ ತುಂಡನ್ನು ಟ್ಯಾಂಕಿನಲ್ಲೇ ಬಿಡುವುದು ಎಲ್ಲರ ಅಭ್ಯಾಸ, ಕೆಟ್ಟ ಅಭ್ಯಾಸ. ಸ್ಟೇನ್‌ಲೆಸ್ ಬ್ಲೇಡೂ ಉಪ್ಪುನೀರಲ್ಲಿ ದಿನಗಟ್ಟಲೆ ಇದ್ದರೆ ಚುಕ್ಕೆ ಚುಕ್ಕೆಯಾಗಿ ತುಕ್ಕು ಹಿಡಿಯುತ್ತದೆ, ಪ್ಯಾಡಿನ ಎಳೆಗಳಲ್ಲಿ ಮರಳು ಸೇರುತ್ತದೆ. ಫ್ಲಿಪ್ಪರಿನ ಮೂಲ ಮಾದರಿ ತೇಲುವುದಿಲ್ಲ ಬೇರೆ. ಕಳಚಿದರೆ ತಳಕ್ಕೇ ಹೋಗುತ್ತದೆ. ಕಳಚಿದರೂ ತೇಲಬೇಕು ಅನ್ನುವವರು ತೇಲುವ ಮ್ಯಾಗ್ನೆಟ್ಟಾದ ಮ್ಯಾಗ್-ಫ್ಲೋಟ್ ಕಡೆ ನೋಡಬಹುದು. ಹೊರತೆಗೆದು ಆರ್‌ಓ ನೀರಲ್ಲಿ ತೊಳೆದು ಒಣಗಿಸಿ. ತಿಂಗಳಿಗೊಮ್ಮೆ ಪ್ಲಾಸ್ಟಿಕ್ ಕವಚದ ಅಂಚು ನೋಡಿ. ಇಂಥ ಬಲವಾದ ಮ್ಯಾಗ್ನೆಟ್ಟುಗಳ ಒಳಗಿರುವುದು ಸಾಮಾನ್ಯವಾಗಿ ನಿಯೋಡಿಮಿಯಂ. ಕವಚ ಬಿರಿದು ಉಪ್ಪುನೀರು ಹೊಕ್ಕರೆ ತುಕ್ಕು ಹಿಡಿದು ಉಬ್ಬುತ್ತದೆ. ಕಂದು ನೀರು ಒಸರಿದರೆ ಫೆವಿಕ್ವಿಕ್ ರಿಪೇರಿ ಬೇಡ, ಎಸೆಯಿರಿ.

ಕೆರೆದ ಪಾಚಿ ಎಲ್ಲೂ ಹೋಗಿರುವುದಿಲ್ಲ, ನೀರಿನಲ್ಲೇ ತೇಲುತ್ತಿರುತ್ತದೆ. ವೇವ್‌ಮೇಕರ್ (ನೀರು ಅಲೆಯಾಡಿಸುವ ಪಂಪ್) ಓಡುತ್ತಿರಲಿ, ಸಂಪಿನಲ್ಲಿ (ಅಕ್ವೇರಿಯಂನ ಫಿಲ್ಟರ್ ತೊಟ್ಟಿಯಲ್ಲಿ) ಹೊಸ ಫಿಲ್ಟರ್ ಹತ್ತಿ ಇರಲಿ, ಮರುದಿನದೊಳಗೆ ಆ ಹತ್ತಿ ಬದಲಿಸಿ. ಇಲ್ಲವಾದರೆ ಅದು ಕೊಳೆತು ಮತ್ತೆ ಪಾಚಿಗೆ ಊಟವಾದ ಫಾಸ್ಫೇಟ್ ಆಗುತ್ತದೆ, ಗಾಜಿಗೇ ಮರಳುತ್ತದೆ. ನೀರು ಬದಲಿಸುವ ದಿನವಾದರೆ ಮೊದಲು ಗಾಜು, ಆಮೇಲೆ ಪೈಪಿನಿಂದ ನೀರೆಳೆಯುವ ಸೈಫನ್.

ಎರಡು ಮೂರು ದಿನಕ್ಕೊಮ್ಮೆ ಉಜ್ಜುವುದು ಸಹಜ. ಬೆಳಗ್ಗೆ ಉಜ್ಜಿ ಮರುದಿನ ಬೆಳಗ್ಗೆ ಮತ್ತೆ ಮಂಕಾದರೆ ದೋಷ ನೀರಿನದು, ಮ್ಯಾಗ್ನೆಟ್ಟಿನದಲ್ಲ. ಫಾಸ್ಫೇಟ್ 0.03ರಿಂದ 0.1 ಪಿಪಿಎಂ (ಹತ್ತು ಲಕ್ಷಕ್ಕೆ ಇಷ್ಟು ಭಾಗ), ನೈಟ್ರೇಟ್ 2ರಿಂದ 10 ಪಿಪಿಎಂ ಒಳಗಿರಲಿ. ಸೊನ್ನೆಗೆ ಇಳಿಸಲು ಹೋದರೆ ಡೈನೋಫ್ಲಾಜೆಲೇಟ್ ಎಂಬ ಇನ್ನೂ ದೊಡ್ಡ ಪೀಡೆಗೆ ಬಾಗಿಲು ತೆರೆದಂತೆ. ಬೆಂಗಳೂರಿನಲ್ಲಿ ಡಯಾಟಮ್ ಹೋಗುತ್ತಲೇ ಇಲ್ಲ ಅನ್ನುವವರು ಬೋರ್‌ವೆಲ್ ಅಥವಾ ಟ್ಯಾಂಕರ್ ನೀರನ್ನು ಮೊದಲು ಅನುಮಾನಿಸಬೇಕು. ಲಾಲ್‌ಬಾಗ್ ಬಂಡೆ ಇದೆಯಲ್ಲ, ಅದೇ ನೈಸ್ ಶಿಲೆ ಊರಿನಡಿಯೂ ಹಬ್ಬಿದೆ. ಅದರಿಂದ ಕರಗಿದ ಸಿಲಿಕಾ ಡಯಾಟಮ್‌ಗೆ ಊಟ. ಅಡುಗೆಮನೆಯ ಆರ್‌ಓ ಇದಕ್ಕೆ ಸಾಲದು. ಎಷ್ಟೋ ಮಾದರಿಗಳಲ್ಲಿ ಟಿಡಿಎಸ್ (ನೀರಿನಲ್ಲಿ ಕರಗಿದ ಲವಣಗಳ ಪ್ರಮಾಣ) ಕಂಟ್ರೋಲರ್ ಆರ್‌ಓ ದಾಟದ ನೀರನ್ನೇ ಬೆರೆಸಿ ಕೊಡುತ್ತದೆ, ಕೆಲವದರಲ್ಲಿ ಮಿನರಲ್ ಕಾರ್ಟ್ರಿಜ್ ಬೇರೆ. ಮೆಂಬ್ರೇನ್ ದಾಟಿದ ಕೂಡಲೇ ಪೈಪ್ ತೆಗೆದು, ಮಿಕ್ಸೆಡ್ ಬೆಡ್ ಡಿಐ ರೆಸಿನ್ (ಉಳಿದ ಲವಣಗಳನ್ನು ಹೀರುವ ರಾಳದ ಮಣಿಗಳು) ಮೂಲಕ ಹಾಯಿಸಿ. ಟಿಡಿಎಸ್ ಮೀಟರ್ ಸೊನ್ನೆ ತೋರಿಸಬೇಕು. ಇಲ್ಲೊಂದು ಸೂಕ್ಷ್ಮವಿದೆ: ಸಿಲಿಕಾ ಆ ಮೀಟರಿಗೆ ಸರಿಯಾಗಿ ಸಿಗುವುದಿಲ್ಲ, ರೆಸಿನ್ ಸವೆಯತೊಡಗಿದಾಗ ಮೊದಲು ತಪ್ಪಿಸಿಕೊಳ್ಳುವ ಪದಾರ್ಥಗಳಲ್ಲಿ ಅದೂ ಒಂದು. ಹಾಗಾಗಿ 1 ಕಂಡ ದಿನವೇ ರೆಸಿನ್ ಬದಲಿಸಿ, 5 ಆಗಲಿ ಎಂದು ಕಾಯಬೇಡಿ.

8ರಿಂದ 12 ಮಿ.ಮೀ. ಗಾಜಿನ ಮೂರು ನಾಲ್ಕು ಅಡಿ ಟ್ಯಾಂಕಿಗೆ ಸ್ಟ್ಯಾಂಡರ್ಡ್ ಧಾರಾಳವಾಗಿ ಕೊಳ್ಳಬಹುದು. ಜೊತೆಗೇ ಬಿಡಿ ಬ್ಲೇಡ್ ತಂದಿಟ್ಟುಕೊಳ್ಳಿ, ಬೇಕಾದಾಗ ಸಿಗುತ್ತದೆನ್ನುವ ನಂಬಿಕೆಯಿಲ್ಲ. ಒಂದೂವರೆ ಅಡಿ ಟ್ಯಾಂಕಿನವರಿಗೆ ಅದೇ ಎಟಿಎಂ ಕಾರ್ಡ್ ಇಡೀ ಗಾಜಿಗೂ ಸಾಲುತ್ತದೆ.